ದ್ರಾಕ್ಷಿಯೂ ಮರೆವೂ

ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿ ಬೆಳೆದ ನಮಗೆ ನೆನಪಿನ ಶಕ್ತಿಯ ಬಗೆಗೆ ತುಸು ಅಭಿಮಾನವೇ ಇತ್ತು. ಅರವತ್ತು ದಾಟಿದ ಮೇಲೆ ಆ ಅಭಿಮಾನ ಕರಗತೊಡಗಿತು. ಚಿರಪರಿಚಿತರ ಹೆಸರು ನಾಲಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಆದ್ದರಿಂದ ದ್ರಾಕ್ಷಿಯು ಮಿದುಳಿಗೆ ಹಿತಕರವೆಂಬ ಬರಹವೊಂದು ಕಣ್ಣಿಗೆ ಬಿದ್ದಾಗ ಅದನ್ನು ಆಸೆಯಿಂದಲೇ ಓದಿದೆವು.

ನಮ್ಮ ಅಕ್ಕನ ಮನೆ ಇರುವುದು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ. ಸುತ್ತಲೂ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಒಮ್ಮೆ ಅಕ್ಕನ ಮಗ ಬಂದು, "ಮಾವಾರ, ಅವ್ವ ಉಂಡದ್ದನ್ನ ಮರೆತು ಮತ್ತ ಊಟಕ್ಕ ಕೇಳತಾಳ" ಎಂದು ಮುಖ ಸಣ್ಣದು ಮಾಡಿದ. ನಾವು ಹೊಸದಾಗಿ ಓದಿದ ಹುರುಪಿನಲ್ಲಿ, "ವಯಸ್ಸಿಗೆ ಇದು ಸಹಜ. ದಿನಾಲು ಕರಿದ್ರಾಕ್ಷಿ ಕೊಡು" ಎಂದುಬಿಟ್ಟೆವು. ಹಿರಿಯರ ಮಾತೆಂದು ಆ ಮನೆಯವರು ಹಾಗೆಯೇ ನಡೆದರು. ಹಂಗಾಮು ಮುಗಿದ ಮೇಲೆ ಒಣದ್ರಾಕ್ಷಿ ನೆನೆಸಿ ಕೊಟ್ಟರು. ಆರು ತಿಂಗಳು ಹೀಗೆ ಸಂದವು. ಒಂದು ಸಂಜೆ ಅಕ್ಕ ಗುಡಿಯಿಂದ ಮನೆಗೆ ಬರುವ ದಾರಿಯನ್ನೇ ತಪ್ಪಿದಳು.

ಆಗ ವೈದ್ಯರಲ್ಲಿಗೆ ಹೋದದ್ದಾಯಿತು. ರಕ್ತ ಪರೀಕ್ಷೆಯಲ್ಲಿ ಬಿ-12 ಜೀವಸತ್ವ ಬಹಳ ಕಡಿಮೆಯಾಗಿರುವುದು ಕಂಡುಬಂದಿತು. ಕಾಲು ಜೋಮು ಹಿಡಿಯುತ್ತಿದ್ದುದೂ ಅದರಿಂದಲೇ. ಚುಚ್ಚುಮದ್ದು ನಡೆದು ಕೆಲವು ತಿಂಗಳಲ್ಲಿ ಅಕ್ಕ ಬಹುಮಟ್ಟಿಗೆ ಸುಧಾರಿಸಿದಳು. ಆದರೆ ಆ ಆರು ತಿಂಗಳನ್ನು ಕಳೆದವರು ನಾವು. ಆ ಭಾರ ನಮ್ಮ ಮೇಲಿದೆ.

ಈ ತಪ್ಪಿನ ಬಳಿಕವೇ ವಿಷಯವನ್ನು ಶಾಂತಚಿತ್ತದಿಂದ ಅಭ್ಯಾಸ ಮಾಡಿದೆವು. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿ ಪಾಲಿಫಿನಾಲ್ ಎಂಬ ದ್ರವ್ಯಗಳಿರುವುದು ನಿಜ. ಕರಿದ್ರಾಕ್ಷಿಯ ಬಣ್ಣಕ್ಕೆ ಅವುಗಳೊಳಗಿನ ಆಂಥೋಸಯಾನಿನ್ ಕಾರಣ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ರಾಬರ್ಟ್ ಕ್ರಿಕೋರಿಯನ್ ಮತ್ತು ಸಂಗಡಿಗರು ಮರೆವು ತೊಡಗಿದ ಹಿರಿಯರಿಗೆ 12 ವಾರ ಕಾಂಕರ್ಡ್ ದ್ರಾಕ್ಷಿಯ ರಸ ಕುಡಿಸಿ, ಪದಗಳನ್ನು ಕಲಿಯುವ ಶಕ್ತಿ ತುಸು ಹೆಚ್ಚಿದುದನ್ನು 2010ರಲ್ಲಿ ಪ್ರಕಟಿಸಿದರು. ಆದರೆ ಅಲ್ಲಿದ್ದವರು ಕೇವಲ 12 ಮಂದಿ. ಇಂಗ್ಲೆಂಡಿನಲ್ಲಿ ನಲವತ್ತರಿಂದ ಐವತ್ತರ ವಯಸ್ಸಿನ 25 ತಾಯಂದಿರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಅಲ್ಪಸ್ವಲ್ಪ ಗುಣ ಕಂಡಿತು. ದ್ರಾಕ್ಷಿಯಲ್ಲಿರುವ ರೆಸ್ವೆರಾಟ್ರಾಲ್ ಎಂಬ ದ್ರವ್ಯವನ್ನು ಪ್ರತ್ಯೇಕಿಸಿ, ದೊಡ್ಡ ಪ್ರಮಾಣದಲ್ಲಿ ಆಲ್‌ಝೈಮರ್ ರೋಗಿಗಳಿಗೆ ಒಂದು ವರ್ಷ ಕೊಟ್ಟ 119 ಜನರ ಪರೀಕ್ಷೆಯ ಫಲ 2015ರಲ್ಲಿ ಬಂದಿತು. ಅದರಿಂದ ರೋಗ ಗುಣವಾಗುವುದೆಂದು ಸಿದ್ಧವಾಗಲಿಲ್ಲ. ಅಷ್ಟು ಪ್ರಮಾಣವನ್ನು ಹಣ್ಣು ತಿಂದು ಪಡೆಯುವುದಂತೂ ಅಸಾಧ್ಯ. ಇದನ್ನೇ ನೆಪ ಮಾಡಿಕೊಂಡು ದ್ರಾಕ್ಷಾರಸದ ಮದ್ಯಕ್ಕೆ ಕೈಯೊಡ್ಡುವುದು ಅವಿವೇಕ.

ಹಾಗಾದರೆ ದ್ರಾಕ್ಷಿ ಬೇಡವೇ? ಬೇಕು. ಅದು ಒಳ್ಳೆಯ ಹಣ್ಣು; ಚೆನ್ನಾಗಿ ತೊಳೆದು, ಸಿಪ್ಪೆಸಹಿತ ತಿನ್ನಬೇಕು. ಆದರೆ ನೂರು ಗ್ರಾಂ ಹಸಿ ದ್ರಾಕ್ಷಿಯಲ್ಲಿ ಸುಮಾರು 15 ಗ್ರಾಂ, ಅಷ್ಟೇ ತೂಕದ ಒಣದ್ರಾಕ್ಷಿಯಲ್ಲಿ ಸುಮಾರು 60 ಗ್ರಾಂ ಸಕ್ಕರೆ ಇರುತ್ತದೆಂಬುದನ್ನು ಮಧುಮೇಹಿಗಳು ಮರೆಯಬಾರದು. ಹಣ್ಣು ಹಣ್ಣೇ, ಔಷಧವಲ್ಲ.

ಶಾಕಾಹಾರಿಗಳಾದ ನಮ್ಮ ಮನೆತನಗಳು ಇನ್ನೊಂದು ಮಾತನ್ನು ಗಮನಿಸಬೇಕು. ಬಿ-12 ಸಸ್ಯಾಹಾರದಲ್ಲಿ ದೊರೆಯುವುದಿಲ್ಲ. ನಮಗೆ ಹಾಲು ಮೊಸರುಗಳೇ ಅದರ ಆಧಾರ. ವಯಸ್ಸಾದಂತೆ ದೇಹವು ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ಸೇವಿಸುವವರಲ್ಲಿಯೂ ಇದರ ಕೊರತೆ ಉಂಟಾಗಬಹುದು. ಥೈರಾಯ್ಡ್ ದೋಷ, ಕಿವುಡುತನ, ಮನಸ್ಸಿನ ಖಿನ್ನತೆ ಇವು ಸಹ ಮರೆವಿನ ವೇಷ ಧರಿಸಿ ಬರುತ್ತವೆ. ಇವಕ್ಕೆ ಚಿಕಿತ್ಸೆಯುಂಟು. ಆದುದರಿಂದ ಮನೆಯ ಹಿರಿಯರು ಮರೆಯತೊಡಗಿದರೆ "ವಯಸ್ಸಾಯಿತು" ಎಂದು ಸುಮ್ಮನಾಗದೆ ಮೊದಲು ವೈದ್ಯರಿಗೆ ತೋರಿಸಬೇಕೆಂದು ನಮ್ಮ ವಿನಂತಿ.

ಈಚೆಗೆ ಹೋದಾಗ ಅಕ್ಕ ಗೊಂಚಲು ದ್ರಾಕ್ಷಿಯನ್ನು ತಟ್ಟೆಯಲ್ಲಿಟ್ಟು ಮುಂದೆ ಸರಿಸಿದಳು. ನಾವು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು: "ನಿನ್ನ ರಕ್ತ ತೋರಿಸಿದಿಯೇನೋ ತಮ್ಮಾ?"

ನಾವು ಇನ್ನೂ ತೋರಿಸಿರಲಿಲ್ಲ. ಮರುದಿನವೇ ಹೋಗಿ ಬಂದೆವು.