ಅಂಗಳ ಪಕ್ಕಾ ಆಗುವುದೆಂದರೆ

ದೆಹಲಿಯ ಸುತ್ತಮುತ್ತ ಮನೆ ಕಟ್ಟಿಸಿದವರ ಬಾಯಲ್ಲಿ ಒಂದು ಮಾತು ಸದಾ ಓಡಾಡುತ್ತಿರುತ್ತದೆ: ‘ಪಕ್ಕಾ ಕರವಾ ಲೀಜಿಯೇ.’ ಪಕ್ಕಾ ಎಂಬುದರ ಮೂಲ ಸಂಸ್ಕೃತದ ಪಕ್ವ, ಬೆಂದದ್ದು, ಹಣ್ಣಾದದ್ದು. ಬೆಂದ ಇಟ್ಟಿಗೆಯ ಮನೆಯಿಂದ ಹೊರಟ ಈ ಪದ ಈಗ ಅಂಗಳಕ್ಕೆ ಬರುವಷ್ಟರಲ್ಲಿ ಸಿಮೆಂಟಿನ ಮುಚ್ಚಳ ಎಂಬ ಅರ್ಥ ಪಡೆದುಬಿಟ್ಟಿದೆ. ಗೋಡೆಯಿಂದ ಗೋಡೆಗೆ ಕಾಂಕ್ರೀಟು ಸುರಿದು, ಮೇಲೆ ಟೈಲ್ಸ್ ಅಂಟಿಸಿ, ಒಂದು ಹಿಡಿ ಮಣ್ಣೂ ಕಾಣದಂತೆ ಮಾಡಿದರೆ ಅದು ಪಕ್ಕಾ.

ಫರೀದಾಬಾದಿನ ಒಂದು ಮನೆಯ ಹಿತ್ತಿಲೂ ಹೀಗೆಯೇ ಇತ್ತು. ಧಾರವಾಡದಿಂದ ಹೋಗಿ ನೆಲೆಸಿದ ಕುಟುಂಬ. ಗಂಡ ಹೆಂಡತಿ ಇಬ್ಬರೂ ನೌಕರಿಯವರು, ಜೊತೆಗೆ ಎಂಬತ್ತರ ಹತ್ತಿರದ ಮಾವ. 20 ಅಡಿ ಉದ್ದ, 15 ಅಡಿ ಅಗಲದ ಜಾಗ, ಮೂಲೆಯಲ್ಲಿ ಒಂದು ಬೇವಿನಮರ. ಹಳೆಯ ಸಿಮೆಂಟು ಬೇವಿನ ಬೇರಿಗೆ ಎದ್ದು ಬಿರುಕು ಬಿಟ್ಟಿತ್ತು. ಮಳೆ ಬಂದರೆ ನೀರು ಹಿಂಬಾಗಿಲ ಹೊಸ್ತಿಲಿಗೆ ಬರುತ್ತಿತ್ತು. ಮಾವ ವಾಕರ್ ಹಿಡಿದು ದಿನವೂ ಅಲ್ಲೇ ಅಡ್ಡಾಡುವವರು. ಒಂದು ಮಳೆಗಾಲದಲ್ಲಿ ಪಾಚಿಯ ಮೇಲೆ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಆಮೇಲೆ ಅವರು ಹಿತ್ತಿಲ ಬಾಗಿಲು ದಾಟಲಿಲ್ಲ.

ಹೊಸದಾಗಿ ಹಾಸಬೇಕೆಂದಾಗ ಬಂದ ಗುತ್ತಿಗೆದಾರರೆಲ್ಲ ಹೇಳಿದ್ದು ಒಂದೇ: ನಾಲ್ಕು ಇಂಚು ಕಾಂಕ್ರೀಟು, ಮೇಲೆ ಟೈಲ್ಸ್, ಮರ ಕಡಿಸಿ. ಮಾವನಿಗೂ ಅದು ಸರಿ ಕಂಡಿತು. ‘ಪೂರಾ ಸಿಮೆಂಟ ಹಾಕಿಸಿಬಿಡವಾ, ಕಟಕಟಿ ಹೋಗ್ತದ’ ಎಂದರು. ಸೊಸೆ ಕೇಳಿದ ಪ್ರಶ್ನೆ ಬೇರೆ: ‘ಹೌದ್ರಿ ಮಾವಾರ, ಆದ್ರ ನೀರು ಎಲ್ಲಿಗೆ ಹೋಗಬೇಕ್ರಿ?’

ಆ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಹುಡುಕಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 300 ಚದರ ಅಡಿಯ ಹಿತ್ತಿಲೆಂದರೆ ಸುಮಾರು 28 ಚದರ ಮೀಟರ್. 2024ರ ಜೂನ್ 28ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ 228 ಮಿಲಿಮೀಟರ್ ಮಳೆ ದಾಖಲಾಯಿತು. ಅಂಥ ಮಳೆ ಈ ಹಿತ್ತಿಲ ಮೇಲೆ ಬಿದ್ದರೆ ಆರು ಸಾವಿರ ಲೀಟರಿಗೂ ಹೆಚ್ಚು ನೀರು. ಅದನ್ನು ಮುಚ್ಚಿದ ನೆಲ ಬೀದಿಗೆ ತಳ್ಳುತ್ತದೆ, ಬೀದಿ ಪಕ್ಕದ ಮನೆಗೆ ತಳ್ಳುತ್ತದೆ. ಅದೇ ಊರಿನಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರಿಗೆ ಕಾಯುವುದು. ದೋಣಿವಿಹಾರಕ್ಕೆ ಹೆಸರಾಗಿದ್ದ ಫರೀದಾಬಾದಿನ ಬಡಖಲ್ ಕೆರೆಯೇ ಬತ್ತಿ ಬಯಲಾದದ್ದನ್ನು ಕಂಡ ಊರದು.

ಸಿಮೆಂಟಿನ ಬದಲು ಆ ಮನೆಯವರು ಆರಿಸಿದ್ದು ಪೇವರ್ ಬ್ಲಾಕ್. ಇವುಗಳಿಗೆ ಭಾರತೀಯ ಮಾನಕ ಸಂಸ್ಥೆಯದೇ ಒಂದು ಮಾನಕವಿದೆ, ಐಎಸ್ 15658. ಅದರ 2006ರ ಆವೃತ್ತಿಯ ಪ್ರಕಾರ ವಾಹನ ಓಡಾಡದ ಮನೆಯಂಗಳಕ್ಕೆ 50 ಮಿಲಿಮೀಟರ್ ದಪ್ಪದ, ಎಂ-30 ದರ್ಜೆಯ ಬ್ಲಾಕ್ ಸಾಕು. ಹಗುರ ವಾಹನ ಬರುವುದಿದ್ದರೆ 60 ಮಿಲಿಮೀಟರ್, ಎಂ-35. ಈ ಮನೆಗೆ 60ರದ್ದನ್ನೇ ತಂದರು. ಬಣ್ಣ ತಿಳಿ ಬೂದು. ಕಡುಬಣ್ಣದ ಬ್ಲಾಕು ದೆಹಲಿಯ ಮೇ ತಿಂಗಳಲ್ಲಿ ಕಾದ ಹಂಚಾಗುತ್ತದೆ.

ಆದರೆ ಬ್ಲಾಕು ಎಷ್ಟೇ ಗಟ್ಟಿಯಿದ್ದರೂ ಅಂಗಳದ ಆಯುಸ್ಸು ನಿಂತಿರುವುದು ಅದರ ಕೆಳಗೆ. ಬ್ಲಾಕುಗಳನ್ನು ಯಾವ ಗಾರೆಯೂ ಹಿಡಿದಿರುವುದಿಲ್ಲ. ಸಂದಿನಲ್ಲಿ ತುಂಬಿದ ಮರಳು ಅಥವಾ ನುಣ್ಣನೆಯ ಜಲ್ಲಿ ಒಂದಕ್ಕೊಂದು ಒತ್ತಿಕೊಂಡು, ಒಂದರ ಮೇಲೆ ಬಿದ್ದ ಭಾರವನ್ನು ಪಕ್ಕದವಕ್ಕೂ ಹಂಚುತ್ತದೆ. ಸುತ್ತ ಅಂಚುಗಲ್ಲು ಭದ್ರವಾಗಿಲ್ಲದಿದ್ದರೆ ಬ್ಲಾಕುಗಳು ಹೊರಗೆ ಸರಿಯುತ್ತವೆ, ಸಂದು ಅಗಲವಾಗುತ್ತದೆ, ಭಾರ ಹಂಚುವ ಕೆಲಸ ನಿಲ್ಲುತ್ತದೆ. ತಳ ಸರಿಯಾಗಿ ದಮ್ಮಸು ಆಗದಿದ್ದರೆ ಮೊದಲ ಮಳೆಗೇ ಅಲ್ಲಲ್ಲಿ ಗುಂಡಿ.

ಸೊಸೆ ಕಾಗದದ ಮೇಲೆ ಬರೆದ ಪದರಗಳು ಹೀಗಿದ್ದವು: ಅಡಿಯಲ್ಲಿ 150 ಮಿಲಿಮೀಟರ್ ಪುಡಿಯಿಲ್ಲದ 20 ಮಿಲಿಮೀಟರ್ ಜಲ್ಲಿ, ಅದರ ಮೇಲೆ 40 ಮಿಲಿಮೀಟರ್ ಸಣ್ಣ ಜಲ್ಲಿ, ಅದರ ಮೇಲೆ 60ರ ಬ್ಲಾಕು. ಒಟ್ಟು 250 ಮಿಲಿಮೀಟರ್, ಹತ್ತು ಇಂಚಿನ ಅಗೆತ. ಪುಡಿಯಿಲ್ಲದ ಜಲ್ಲಿಯಲ್ಲಿ ಮೂರನೇ ಒಂದು ಪಾಲು ಖಾಲಿ ಜಾಗ. ಅಂದರೆ ಕೆಳಪದರವೊಂದೇ 50 ಮಿಲಿಮೀಟರ್ ಮಳೆಯನ್ನು ಹಿಡಿದಿಟ್ಟು ನಿಧಾನವಾಗಿ ಮಣ್ಣಿಗೆ ಇಳಿಸಬಲ್ಲದು. ಅದಕ್ಕೂ ಮೀರಿದ್ದು ಇಳಿಜಾರು ಹಿಡಿದು ಹೋಗಬೇಕು: ಅಡಿಗೆ ಕಾಲು ಇಂಚು, ಮನೆಯಿಂದ ಆಚೆಗೆ.

ಇಲ್ಲಿಯೇ ಒಂದು ತೊಡಕು ಬಂತು. ನೀರು ಸಲೀಸಾಗಿ ಇಳಿಯಬೇಕಾದರೆ ಸಂದು ಅಗಲವಿರಬೇಕು. ಸಂದು ಅಗಲವಿದ್ದರೆ ವಾಕರಿನ ಕಾಲು ಸಿಕ್ಕಿಕೊಳ್ಳುತ್ತದೆ. ನೀರೋ ಮಾವನೋ ಎಂಬಂತಾಯಿತು. ಕೊನೆಗೆ ದಾರಿ ತೋರಿದ್ದು ಮನೆಯ ಪಾಯ. ಪಾಯದ ಪಕ್ಕದಲ್ಲಿ ನೀರು ಇಂಗುವುದೇ ಬೇಡ. ಹಾಗಾಗಿ ಗೋಡೆಗುಂಟ ನಾಲ್ಕು ಅಡಿ ಅಗಲದ ಪಟ್ಟಿಯಲ್ಲಿ ಬ್ಲಾಕುಗಳನ್ನು 3 ಮಿಲಿಮೀಟರ್ ಸಂದಿನಲ್ಲಿ ಒತ್ತಾಗಿ ಹಾಸಿ, ನುಣ್ಣನೆಯ ಮರಳು ತುಂಬುವುದು. ಅದರಾಚೆ ಅಗಲ ಸಂದು, ಅದರಲ್ಲಿ ಸಣ್ಣ ಜಲ್ಲಿ. ಮಾವನ ಅಡ್ಡಾಟ ಗೋಡೆಯ ಪಕ್ಕದಲ್ಲೇ, 20 ಅಡಿ ಆಚೆ, 20 ಅಡಿ ಈಚೆ. ಪಾಯಕ್ಕೆ ಬೇಕಾದದ್ದೂ ಅವರ ಕಾಲಿಗೆ ಬೇಕಾದದ್ದೂ ಒಂದೇ ಪಟ್ಟಿಯಲ್ಲಿ ಸಿಕ್ಕಿತು.

ಬೇವಿನ ಬುಡಕ್ಕೆ ಅಳತೆ ಸಿಕ್ಕಿದ್ದು ದೆಹಲಿಯ ಒಂದು ಆದೇಶದಿಂದ. ಮರಗಳ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟನ್ನು ಕಿತ್ತು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್‌ನಲ್ಲಿ ಹೇಳಿತ್ತು. ಫರೀದಾಬಾದು ಹರಿಯಾಣದ್ದಾದರೂ ಬೇರಿಗೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ. ಆ ಮನೆಯವರು ಒಂದೂವರೆ ಮೀಟರ್ ಬಿಟ್ಟರು.

ಕೆಲಸಕ್ಕೆ ಹೊತ್ತು ನೋಡುವುದೂ ಈ ಸೀಮೆಯಲ್ಲಿ ಒಂದು ವಿದ್ಯೆ. ಚಳಿಗಾಲದಲ್ಲಿ ಗಾಳಿ ಕೆಟ್ಟು ‘ಗ್ರ್ಯಾಪ್’ನ ಮೂರನೇ ಹಂತ ಜಾರಿಯಾದರೆ ಇಡೀ ಎನ್‌ಸಿಆರ್‌ನಲ್ಲಿ ಅಗೆತ, ಕಲ್ಲು ಕೊರೆತ ಎಲ್ಲ ಬಂದ್. ಮಳೆಗಾಲದಲ್ಲಿ ತಳ ಕೆಸರು. ಹೋಳಿಗೆ ಊರಿಗೆ ಹೋದ ಮಿಸ್ತ್ರಿಗಳು ಮರಳಿದ ಮೇಲೆ, ಮಾರ್ಚ್ ಕೊನೆಯಲ್ಲಿ ಕೆಲಸ ಶುರುವಾಯಿತು. ಒಡೆದ ಹಳೆಯ ಸಿಮೆಂಟಿಗೆ ದೆಹಲಿಯವರು ‘ಮಲ್ಬಾ’ ಎನ್ನುತ್ತಾರೆ. ಅದನ್ನು ರಾತ್ರೋರಾತ್ರಿ ರಸ್ತೆಬದಿಗೆ ಸುರಿಯುವುದು ರೂಢಿ. ಆದರೆ ಅದೇ ಮಲ್ಬಾವನ್ನು ಪುಡಿಮಾಡಿ ಪೇವರ್ ಬ್ಲಾಕ್ ಮಾಡುವ ಘಟಕ ದೆಹಲಿಯ ಬುರಾರಿಯಲ್ಲಿ 2009ರಿಂದಲೇ ಇದೆ.

ಮಿಸ್ತ್ರಿಗೆ ಈ ಯೋಜನೆ ಮೊದಲಿಗೆ ಹಿಡಿಸಲಿಲ್ಲ. ‘ದೀದಿ, ಸಿಮೆಂಟ್ ಇಲ್ಲದೆ ಫರ್ಶ್ ಹೇಗೆ ಪಕ್ಕಾ ಆದೀತು?’ ಎಂದು ಕೇಳಿದ. ಫರ್ಶ್ ಎಂದಾಗ ಮಾವ ಒಳಗಿನಿಂದಲೇ ಕಿವಿ ನಿಮಿರಿಸಿದರು. ಧಾರವಾಡದ ಮನೆಗಳಲ್ಲಿ ನೆಲಕ್ಕೆ ಹಾಸುವ ಶಹಾಬಾದಿನ ಕಲ್ಲು ‘ಫರಸಿ’ಯೇ. ಅರಬ್ಬಿಯ ಆ ಮಾತಿಗೆ ಹಾಸುವುದು, ಹರಡುವುದು ಎಂದೇ ಅರ್ಥ. ಕನ್ನಡದ ಹಾಸುಗಲ್ಲಿನಲ್ಲೂ ಅದೇ ಹಾಸು. ಎರಡೂ ಮಾತಿನಲ್ಲಿ ಅಂಟಿಸುವ ಸುದ್ದಿಯೇ ಇಲ್ಲ. ‘ನಮ್ಮ ಹಳೇ ಮನಿ ಅಂಗಳದಾಗ ಫರಸಿ ಬರೇ ಮಣ್ಣಿನ ಮ್ಯಾಲ ಇದ್ದವು ನೋಡು’ ಎಂದು ಅವರು ಬಾಗಿಲ ತನಕ ಬಂದರು. ಮರುದಿನದಿಂದ ಕುರ್ಚಿ ಹಾಕಿಸಿಕೊಂಡು ಕೂತು ಮೇಲ್ವಿಚಾರಣೆ.

ಬಾಡಿಗೆಯ ಪ್ಲೇಟ್ ಕಂಪ್ಯಾಕ್ಟರ್ ಬಂತು. ಜಲ್ಲಿಯನ್ನು ಒಂದೇ ಸಲ ಸುರಿಯದೆ 75 ಮಿಲಿಮೀಟರಿನಂತೆ ಎರಡು ಸಲ ಹರಡಿ ದಮ್ಮಸು ಮಾಡಿದರು. ಬೇವಿನ ಹತ್ತಿರ ಯಂತ್ರವಿಲ್ಲ, ಅಗೆತವಿಲ್ಲ. ಬ್ಲಾಕು ಹಾಸಿ, ಸಂದು ತುಂಬಿ, ಮೇಲೆ ಮತ್ತೊಮ್ಮೆ ಯಂತ್ರ ಓಡಿಸಿ, ಕುಸಿದ ಸಂದುಗಳನ್ನು ಮತ್ತೆ ತುಂಬಿದರು.

ಜುಲೈ ಮಳೆಗೆ ಹೊಸ್ತಿಲು ಒಣಗಿಯೇ ಇತ್ತು. ಅಂಗಳ ಮಾತ್ರ ಪೂರ್ತಿ ಸಾಚಾ ಆಗಿರಲಿಲ್ಲ: ಅಂಚಿನ ಹತ್ತಿರ ಏಳೆಂಟು ಬ್ಲಾಕು ಅರ್ಧ ಇಂಚು ಇಳಿದವು. ಮಿಸ್ತ್ರಿ ಬಂದು ಅವನ್ನು ಎತ್ತಿ, ಕೆಳಗೆ ಜಲ್ಲಿ ಸೇರಿಸಿ, ಕುಟ್ಟಿ, ಅವೇ ಬ್ಲಾಕುಗಳನ್ನು ಕೂರಿಸಿದ. ಅರ್ಧ ಗಂಟೆಯ ಕೆಲಸ. ಒಡೆದದ್ದು ಏನೂ ಇಲ್ಲ, ಮಲ್ಬಾ ಒಂದು ಬೊಗಸೆಯೂ ಇಲ್ಲ. ‘ಇದು ಪಕ್ಕಾ ಅಲ್ಲ ದೀದಿ, ಆದರೆ ಕೆಡುವುದೂ ಇಲ್ಲ’ ಎಂದು ಹೇಳಿ ಅವನು ಕೂಲಿ ಎಣಿಸಿಕೊಂಡ. ಮಾವ ಆ ಹೊತ್ತಿಗಾಗಲೇ ಗೋಡೆಗುಂಟ ಮೂರನೇ ಸುತ್ತಿನಲ್ಲಿದ್ದರು.