ಕರೆಂಟು ಕೊಡುವವನ ಹೆಚ್ಚಿನ ಓದು

ನಮ್ಮ ಕಡೆ ಫಿಸಿಯೋಥೆರಪಿ ಎಂಬ ಮಾತು ಯಾರ ನಾಲಗೆಗೂ ಸಲೀಸಾಗಿ ಹೊರಳುವುದಿಲ್ಲ. ‘ಕರೆಂಟು ಕೊಡೋರು’ ಎಂದರೆ ಸಾಕು, ಭೈರವಾನಿತಿಪ್ಪದಿಂದ ರಾಯದುರ್ಗದವರೆಗೆ ಯಾರಾದರೂ ನನ್ನ ಕೋಣೆಯ ದಾರಿ ತೋರಿಸುತ್ತಾರೆ. ಇಂಥ ಕೆಲಸಕ್ಕೆ ನಾಲ್ಕೂವರೆ ವರ್ಷದ ಪದವಿ, ಅದರ ಮೇಲೆ ಎರಡು ವರ್ಷ, ಅದೂ ಸಾಲದೆಂದು ಫೆಲೋಷಿಪ್ ಎಂಬ ಇನ್ನೊಂದು ವರ್ಷ ಏಕೆ ಬೇಕು ಎಂದು ನಮ್ಮಪ್ಪ ಕೇಳಿದ್ದರು. ಆಗ ನಾನು ಹೇಳಿದ ಉತ್ತರ ಅವರಿಗೆ ಹಿಡಿಸಲಿಲ್ಲ. ಈಗ ಹೇಳಬಹುದಾದ ಉತ್ತರವನ್ನು ಕಾಸರಗೋಡಿನ ಓದುಗರ ಮುಂದೆ ಇಡುತ್ತಿದ್ದೇನೆ. ಗಡಿಯಲ್ಲಿದ್ದುಕೊಂಡು ಮಕ್ಕಳನ್ನು ಓದಿಸುವ ಪಾಡು ನಿಮಗೂ ಗೊತ್ತಿರುವುದರಿಂದ ಹೆಚ್ಚು ವಿವರಿಸಬೇಕಾಗಿಲ್ಲ.

ಮೊದಲು ಊರಿನ ವಿಷಯ. ರಾಯದುರ್ಗ ತಾಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಹೋಯಿತು. ಆದೋನಿ, ಆಲೂರುಗಳಂತೆ ನಾವೂ ಈಚೆ ಉಳಿದೆವು. ನಿಮ್ಮದು 1956ರ ಕಥೆ, ನಮ್ಮದು ಅದಕ್ಕಿಂತ ಮೂರು ವರ್ಷ ಹಳೆಯದು. ನಮ್ಮಂತೆಯೇ ಕನ್ನಡದ ಮನೆಗಳಿರುವ ಮಡಕಶಿರ, 2022ರಲ್ಲಿ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಭೈರವಾನಿತಿಪ್ಪದಲ್ಲಿ ವೇದಾವತಿಗೆ ಅಣೆಕಟ್ಟೇನೋ ಇದೆ. ಆದರೆ ಮೇಲೆ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ 1907ರಿಂದಲೂ ಅದೇ ಹೊಳೆಯನ್ನು ಹಿಡಿದಿಟ್ಟಿದೆ; ನಮ್ಮವರೆಗೆ ನೀರು ತುಂಬಿ ಬರುವ ವರ್ಷಗಳು ಅಪರೂಪ. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವ ನೆಲ. ಬಗ್ಗಿ ಗಿಡ ಕೀಳುವವರ ಸೊಂಟ, ರಾಯದುರ್ಗದಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಬಾಗಿದವರ ಕತ್ತು, ಗಡಿಯಾಚೆಯ ಮೊಳಕಾಲ್ಮೂರಿನಿಂದ ಬರುವ ರೇಷ್ಮೆ ನೇಕಾರರ ಬೆನ್ನು, ಇವೇ ನನ್ನ ದಿನಚರಿ.

ನಾನು ಕಲಿತದ್ದು ಮಂಗಳೂರಿನಲ್ಲಿ, ತೊಂಬತ್ತರ ದಶಕದ ಕೊನೆಗೆ. ಹಾಸ್ಟೆಲಿನಲ್ಲಿ ಹಿರಿಯರೆಲ್ಲ ಅಮೇರಿಕದ ಮಾತೇ ಆಡುತ್ತಿದ್ದರು. ಅಷ್ಟರಲ್ಲಿ ಅಲ್ಲಿಯ ಸರಕಾರ 1997ರ ಬಜೆಟ್ ಕಾಯಿದೆಯಿಂದ, ವೃದ್ಧರ ವಿಮೆಯಲ್ಲಿ ಈ ಚಿಕಿತ್ಸೆಗೆ ಸಲ್ಲುವ ಹಣಕ್ಕೆ ಮಿತಿ ಹಾಕಿತು. 1999ರಲ್ಲಿ ಅದು ಜಾರಿಗೆ ಬಂದಾಗ ಎಷ್ಟೋ ಜನ ಕೆಲಸ ಕಳೆದುಕೊಂಡರು. ಬರೀ ಪದವಿ ಹಿಡಿದುಕೊಂಡರೆ ಸಾಲದು, ಒಂದು ವಿಭಾಗದಲ್ಲಾದರೂ ಕೈ ಪಳಗಬೇಕು ಎಂಬ ಯೋಚನೆ ನಮ್ಮಲ್ಲಿ ಹಲವರಿಗೆ ಬಂದದ್ದು ಆಗ.

ಫೆಲೋಷಿಪ್ ಎಂದರೆ ವಿದ್ಯಾರ್ಥಿವೇತನ ಎಂದು ಕೆಲವರು ತಿಳಿಯುತ್ತಾರೆ. ನಾನು ಹೇಳುತ್ತಿರುವುದು ಸ್ನಾತಕೋತ್ತರ ಪದವಿಯೂ ಮುಗಿದ ಮೇಲೆ ಹಿರಿಯರೊಬ್ಬರ ಕಣ್ಣೆದುರಿನಲ್ಲಿ ರೋಗಿಗಳನ್ನು ನೋಡುತ್ತ ಕಲಿಯುವ ತರಬೇತಿ. ಕೀಲು, ಬೆನ್ನುಗಳನ್ನು ಕೈಯಿಂದಲೇ ಪರೀಕ್ಷಿಸಿ ಚಿಕಿತ್ಸೆ ಮಾಡುವ ವಿದ್ಯೆಗೆ ಆಸ್ಟ್ರೇಲಿಯದ ಮೇಟ್ಲಂಡ್, ನಾರ್ವೆಯ ಕಾಲ್ಟನ್‌ಬಾರ್ನ್ ಮೊದಲಾದವರು ದಾರಿ ಹಾಕಿದರು. ಈ ವಿದ್ಯೆಯವರ ಅಂತರರಾಷ್ಟ್ರೀಯ ಒಕ್ಕೂಟ 1974ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿತು. ಅಮೇರಿಕದಲ್ಲಿ ಇದಕ್ಕೆಂದೇ ಒಂದು ಅಕಾಡೆಮಿ 1991ರಲ್ಲಿ ಆಯಿತು.

ನಾನು ಸೇರಿದ್ದು ಬೆಂಗಳೂರಿನ ಒಂದು ಆಸ್ಪತ್ರೆಗೆ. ನಮ್ಮ ಗುರುಗಳು ಮೊದಲ ತಿಂಗಳು ಯಂತ್ರದ ಹತ್ತಿರ ಸುಳಿಯಲೂ ಬಿಡಲಿಲ್ಲ. ನೋವು ಎಲ್ಲಿ, ಯಾವ ಹೊತ್ತಿಗೆ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ, ರಾತ್ರಿ ಹೇಗೆ, ಇಷ್ಟನ್ನು ಕೇಳಿ ಬಂದು ಹೇಳಬೇಕು. ‘ಕೈ ಅಲ್ಲೇ ಏಕೆ ಇಡ್ತೀಯ?’ ಎಂದರೆ ಕಾರಣ ಕೊಡಬೇಕು. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿಯವರ ಕಥೆಯನ್ನು ಅವರು ಮತ್ತೆಮತ್ತೆ ಹೇಳುತ್ತಿದ್ದರು. 1956ರಲ್ಲಿ ವೆಲ್ಲಿಂಗ್ಟನ್ನಿನಲ್ಲಿ, ಕಾಲಿಗೆ ನೋವು ಇಳಿಯುತ್ತಿದ್ದ ರೋಗಿಯೊಬ್ಬ ತಲೆಯ ಭಾಗ ಎತ್ತರಿಸಿಟ್ಟಿದ್ದ ಮಂಚದ ಮೇಲೆ ಹಾಗೆಯೇ ಬೋರಲು ಮಲಗಿದ್ದನಂತೆ. ಸ್ವಲ್ಪ ಹೊತ್ತಿನಲ್ಲಿ ಕಾಲಿನ ನೋವು ಹೋಯಿತು ಎಂದ. ಬೆನ್ನನ್ನು ಹಾಗೆ ಹಿಂದಕ್ಕೆ ಬಾಗಿಸಬಾರದೆಂಬ ಅಂದಿನ ನಂಬಿಕೆಯನ್ನು ಬದಿಗಿಟ್ಟು ಮೆಕೆಂಜಿಯವರು ರೋಗಿಯ ಮಾತನ್ನು ನಂಬಿದರು. ಇಂದು ಹಲವು ದೇಶಗಳಲ್ಲಿ ಕಲಿಸುವ ಒಂದು ಪದ್ಧತಿ ಅಲ್ಲಿಂದ ಬೆಳೆಯಿತು.

ಕಲಿಕೆಗೆ ಬೆಲೆಯೂ ಇತ್ತು. ಮನೆಯಾಕೆ ಊರಿನ ಕನ್ನಡ ಶಾಲೆಯಲ್ಲಿ ಪಾಠ ಮಾಡಿಕೊಂಡು, ಎರಡು ವರ್ಷದ ಮಗಳನ್ನೂ ಆಸ್ತಮಾದ ನಮ್ಮಪ್ಪನನ್ನೂ ನೋಡಿಕೊಂಡಳು. ತಿಂಗಳಿಗೊಮ್ಮೆ ರಾತ್ರಿ ಬಸ್ಸು ಹತ್ತಿ ಬಂದರೆ ಮಗಳು ನನ್ನನ್ನು ‘ಸಾರ್’ ಎಂದು ಕರೆಯುತ್ತಿದ್ದಳು; ಮನೆಗೆ ಬಂದವರೆಲ್ಲ ಹಾಗೆ ಕರೆಯುವುದನ್ನು ಕೇಳಿ ಕಲಿತದ್ದು. ತರಬೇತಿ ಮುಗಿಸಿ ಹಳೆಯ ಕೆಲಸಕ್ಕೆ ಮರಳಿದಾಗ ಸಂಬಳ ಒಂದು ರೂಪಾಯಿಯೂ ಏರಲಿಲ್ಲ. ‘ಯಂತ್ರ ನಾಲ್ಕಿವೆ, ದಿನಕ್ಕೆ ನಲವತ್ತು ಜನ ಆಗಬೇಕು’ ಎಂದರು ಅಲ್ಲಿಯ ಯಜಮಾನರು. ಒಬ್ಬೊಬ್ಬರಿಗೆ ಅರ್ಧ ಗಂಟೆ ಕೊಡಬೇಕೆಂದು ಕಲಿತು ಬಂದವನಿಗೆ ಆ ಲೆಕ್ಕ ಒಗ್ಗಲಿಲ್ಲ. ಬಿಟ್ಟು ಬಂದು ಸ್ವಂತ ಕೋಣೆ ಹಾಕಿದೆ.

ಮೊದಲ ವರ್ಷ ಆದಾಯ ಅರ್ಧಕ್ಕೆ ಇಳಿಯಿತು. ಕರೆಂಟು ಕಡಿಮೆ ಮಾಡಿ, ಮನೆಯಲ್ಲಿ ಮಾಡುವ ವ್ಯಾಯಾಮ ಹೇಳಿಕೊಟ್ಟರೆ ಜನಕ್ಕೆ ಸಮಾಧಾನವಿಲ್ಲ. ‘ಕರೆಂಟೂ ಇಲ್ಲ, ಸೂಜೀನೂ ಇಲ್ಲ, ಬರೀ ಮಾತು. ಇದಕ್ಕೂ ದುಡ್ಡಾ?’ ಎಂದು ಒಬ್ಬ ಯಜಮಾನರು ಎದುರಿಗೇ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಮಾತಿಗೆ ಏಕೆ ದುಡ್ಡು ಎಂಬುದು ಮುಂದಿನ ವರ್ಷ ಒಬ್ಬ ಅಜ್ಜಿಯಿಂದ ಊರಿಗೆ ತಿಳಿಯಿತು.

ಅಜ್ಜಿಗೆ ಐದು ತಿಂಗಳಿಂದ ಬೆನ್ನುನೋವು. ಪಟ್ಟಣದ ಆಸ್ಪತ್ರೆಯ ಚೀಟಿಯಲ್ಲಿ ತೆಲುಗಿನಲ್ಲಿ ‘ನಡುಮು ನೊಪ್ಪಿ’ ಎಂದಷ್ಟೇ ಇತ್ತು, ಕೆಳಗೆ ನೋವಿನ ಮಾತ್ರೆ. ಕಡಲೆಕಾಯಿ ಕಿತ್ತು ಹಿಡಿದಿರಬೇಕು ಎಂದು ಎಲ್ಲರ ಅನಿಸಿಕೆ. ‘ರಾತ್ರಿ ಹೆಂಗಿರುತ್ತವ್ವ?’ ಎಂದು ಕೇಳಿದೆ. ‘ಹಗಲು ತಾಳ್ಕಂತೀನಪ್ಪ. ರಾತ್ರಿ ಮಲಗಿದ್ರೆ ಒಳಗಿಂದ ಕೊರೀತೈತೆ’ ಎಂದಳು. ಕೆಲಸದಿಂದ ಹಿಡಿದ ಸೊಂಟ ಸಾಮಾನ್ಯವಾಗಿ ಮಲಗಿದರೆ ಹಗುರಾಗುತ್ತದೆ. ಮಲಗಿದಾಗಲೂ ಬಿಡದೆ ಕೊರೆಯುವ ನೋವು ಬೇರೆ ಜಾತಿಯದು. ಸಂಜೆ ಮೈ ಬೆಚ್ಚಗಾಗುತ್ತದೆಯೇ ಎಂದರೆ ಹೌದು. ಕುಪ್ಪಸ ಸಡಿಲಾಗಿದೆಯೇ ಎಂದರೆ ಅದೂ ಹೌದು. ಬೆನ್ನಿಗೆ ಕೈ ಒತ್ತದೆ ದೊಡ್ಡಾಸ್ಪತ್ರೆಗೆ ಕಳುಹಿಸಿದೆ. ಬೆನ್ನೆಲುಬಿನ ಕ್ಷಯ ಎಂದು ಗೊತ್ತಾಯಿತು. ಒಂದು ವರ್ಷಕ್ಕೂ ಮೇಲೆ ಸರಕಾರದ ಮಾತ್ರೆ ನುಂಗಿ ಗುಣವಾದಳು. ಅಂಥ ಬೆನ್ನನ್ನು ಒತ್ತಿ ತಿರುಗಿಸಿದ್ದರೆ ಮೂಳೆ ಕುಸಿದು ಕಾಲೆರಡೂ ಬಿದ್ದುಹೋಗುವ ಅಪಾಯವಿತ್ತು. ಎಲ್ಲಿ ಕೈ ಇಡಬಾರದು ಎಂಬುದನ್ನು ತಿಳಿಯಲು ಆ ಒಂದು ವರ್ಷ ಬೇಕಾಗಿತ್ತು. ಆದರೆ ‘ಕೊರೀತೈತೆ’ ಎಂಬ ಮಾತಿನ ತೂಕ ನನಗೆ ತಿಳಿದದ್ದು ನಮ್ಮವ್ವನಿಂದ. ಎರಡೂ ಸೇರಿದ್ದರಿಂದ ಅಜ್ಜಿ ಉಳಿದಳು.

ನನ್ನ ಸಹಪಾಠಿಯೊಬ್ಬಳು ಕುಂಬಳೆಯ ಕಡೆಯವಳು. ಮಕ್ಕಳ ಫಿಸಿಯೋಥೆರಪಿಯಲ್ಲಿ ಹೆಚ್ಚಿನ ತರಬೇತಿ ಮುಗಿಸಿದಾಗ ದುಬೈಯಿಂದ ಕರೆ ಬಂದಿತ್ತು. ಅವಳು ಊರಿನಲ್ಲೇ ಉಳಿದಳು. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಎಣ್ಮಕಜೆಯಂಥ ಪಂಚಾಯತುಗಳ ಮನೆಗಳು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಲ್ಲಿಯ ಮಗುವಿನ ಬಿಗಿದ ಕಾಲನ್ನು ಸಡಿಲಿಸಬೇಕಾದರೆ ದಿನವೂ ಆ ಕೆಲಸ ಮಾಡುವವಳು ತಾಯಿ. ಚೀಟಿ ಮಲಯಾಳದಲ್ಲಿ, ತಾಯಿಯ ಮಾತು ತುಳುವಿನಲ್ಲಿ, ಓದು ಕನ್ನಡದಲ್ಲಿ. ‘ತರಬೇತಿಯ ಅರ್ಧ ಭಾಗವನ್ನು ನಾನು ತುಳುವಿಗೆ ತಂದೆ ಮಾರಾಯ, ಅದಕ್ಕೇ ಹೆಚ್ಚು ಸಮಯ ಹಿಡಿಯಿತು’ ಎಂದು ಅವಳು ಒಮ್ಮೆ ಫೋನಿನಲ್ಲಿ ನಕ್ಕಳು.

2021ರ ಕಾಯಿದೆಯಿಂದ ನಮ್ಮ ವೃತ್ತಿಗೂ ರಾಷ್ಟ್ರಮಟ್ಟದ ಆಯೋಗ ಎಂದಾಗಿದೆ. ಅದರಿಂದ ಹೆಚ್ಚಿನ ಓದಿಗೆ ತಕ್ಕ ಹುದ್ದೆ ಬಂದರೆ ಸಂತೋಷ. ಅಲ್ಲಿಯವರೆಗೆ, ಈ ದಾರಿ ಹಿಡಿಯುವ ಮಕ್ಕಳಿರುವ ಮನೆಯವರಿಗೆ ನನ್ನ ಮಾತು ಇಷ್ಟೆ: ಸಂಬಳ ತಕ್ಷಣ ಏರುತ್ತದೆಂದು ಸಾಲ ಮಾಡಬೇಡಿ, ತರಬೇತಿಯಲ್ಲಿ ರೋಗಿಯ ಪಕ್ಕ ನಿಂತು ಕಲಿಸುವ ಹಿರಿಯರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ, ಮಗುವಿಗೆ ಮನೆಯ ಮಾತನ್ನು ಬಿಡಿಸಬೇಡಿ.

ನನ್ನ ಮೇಜಿನ ಮೇಲೆ ಒಂದು ನೋಟುಪುಸ್ತಕವಿದೆ. ರೋಗಿಗಳು ನೋವಿಗೆ ಹೇಳುವ ಮಾತುಗಳನ್ನು ಅದರಲ್ಲಿ ಬರೆದಿಡುತ್ತೇನೆ: ಸೆಳೆತ, ಚಳುಕು, ಹಿಡಿತ, ಉರಿ, ಕೊರೆತ. ನಮ್ಮ ಜೋಮು ತೆಲುಗಿನವರಿಗೆ ತಿಮ್ಮಿರಿ, ಮಲಯಾಳದವರಿಗೆ ತರಿಪ್ಪ್. ನನ್ನ ಹತ್ತಿರ ಕಲಿಯಲು ಬರುವ ಹುಡುಗರು ಮೊದಲ ವಾರ ಅದನ್ನೇ ಓದುತ್ತಾರೆ. ತುಳುವಿನ ಪುಟ ಇನ್ನೂ ಅರ್ಧ ಖಾಲಿ. ನಿಮ್ಮ ಮನೆಯ ಹಿರಿಯರು ಸೊಂಟ ಹಿಡಿದುಕೊಂಡು ಏನನ್ನುತ್ತಾರೆ ಎಂಬುದನ್ನು ಸಂಪಾದಕರ ಮೂಲಕ ಬರೆದು ಕಳುಹಿಸಿದರೆ ಉಪಕಾರವಾದೀತು.