ಕೊಂಬು ಅಂಟಿಸಿದ ಓತಿಕ್ಯಾತ

ಕೈಯಲ್ಲಿ ಕಾಸಿಲ್ಲದವನು ಭಕ್ತಿಯ ಚಿತ್ರ ತೆಗೆಯಬಹುದು. ಒಂದು ಮನೆ, ಒಂದು ಬಾವಿ, ಒಬ್ಬ ಗಟ್ಟಿಗಂಟಲಿನ ಅತ್ತೆ ದೊರೆತರೆ ಸಂಸಾರದ ಚಿತ್ರವನ್ನೂ ತೆಗೆಯಬಹುದು. ಆದರೆ ಡೈನೋಸಾರ್ ಚಿತ್ರಕ್ಕೆ ಮಾತ್ರ ಕೈಹಾಕಬಾರದೆಂದು ಬಲ್ಲವರು ಹೇಳುತ್ತಾರೆ. 6.6 ಕೋಟಿ ವರ್ಷಗಳ ಹಿಂದೆ ಅಳಿದುಹೋದ ಪ್ರಾಣಿಯನ್ನು ಬಾಡಿಗೆಗೆ ತರುವುದೆಲ್ಲಿಂದ? ಈ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅಗ್ಗದ ಡೈನೋಸಾರ್ ಚಿತ್ರಗಳನ್ನು ಕೆಡಿಸಿದ್ದು ಬಡತನವಲ್ಲ. ನೋಡುವವನ ಕಣ್ಣಿನ ವಿಷಯದಲ್ಲಿ ತೆಗೆಯುವವನಿಗಿದ್ದ ತಾತ್ಸಾರ.

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜನಕ್ಕೆ ಈ ಪ್ರಾಣಿಯ ದರ್ಶನ ಬೆಳ್ಳಿತೆರೆಯ ಮೇಲೆಯೇ ಆಗಬೇಕು. ನಂದಿಬೆಟ್ಟದ ಬಂಡೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಡೈನೋಸಾರ್‌ಗಳು ಹುಟ್ಟಿದ್ದೋ ಸುಮಾರು 23 ಕೋಟಿ ವರ್ಷಗಳ ಹಿಂದೆ. ಈ ಬಂಡೆಗಳಲ್ಲಿ ಅವುಗಳ ಎಲುಬನ್ನು ಅರಸುವುದೆಂದರೆ ಮುತ್ತಜ್ಜನ ಮದುವೆಯ ಪಟದಲ್ಲಿ ಮರಿಮಗನನ್ನು ಹುಡುಕಿದಂತೆ. ಆ ಭಾಗ್ಯವೇನಿದ್ದರೂ 1828ರಲ್ಲಿಯೇ ಎಲುಬು ದೊರೆತ ಜಬಲ್ಪುರದವರದು. ಕನ್ನಡಕ್ಕೆ ಡಬ್ಬಿಂಗ್ ಮಾಡುವುದು ದಶಕಗಳ ಕಾಲ ನಿಂತೇ ಹೋಗಿದ್ದುದರಿಂದ ನಮ್ಮ ಕಡೆಗೆ ಬಂದ ಪರದೇಶದ ವಿಜ್ಞಾನಿಗಳು ಒಮ್ಮೆ ಇಂಗ್ಲಿಷಿನಲ್ಲಿ, ಮತ್ತೊಮ್ಮೆ ತೆಲುಗಿನಲ್ಲಿ ಚೀರುತ್ತಿದ್ದರು. ತನ್ನ ಮಾತೃಭಾಷೆಯನ್ನು ಬಿಡದಿದ್ದುದು ಡೈನೋಸಾರ್ ಒಂದೇ.

ಅಂಥದೊಂದು ಚಿತ್ರವನ್ನು ಚಿಂತಾಮಣಿಯ ಟೆಂಟಿನಲ್ಲಿ ಮರಳಿನ ಮೇಲೆ ಕುಳಿತು ನಾನೂ ನನ್ನ ತಂಗಿಯೂ ನೋಡಿದೆವು. ಹೊರಗೆ ಬಿಡಿಸಿದ್ದ ಬಣ್ಣದ ಚಿತ್ರದಲ್ಲಿ ಮೃಗವು ಒಂದು ಊರನ್ನೇ ನುಂಗುತ್ತಿತ್ತು. ಒಳಗೆ ತೆರೆಯ ಮೇಲೆ ಅದು ಕಾಣಿಸಿಕೊಂಡಾಗ ಗಂಡಸರು ಕೇಕೆ ಹಾಕಿದರು. ತಂಗಿ ಮಾತ್ರ ನನ್ನ ತೋಳನ್ನು ಜಗ್ಗಿ, "ಅಣ್ಣಾ, ಅದು ಓತಿಕ್ಯಾತ ಅಲ್ಲವೇನೋ? ಅದಕ್ಕೆ ಯಾಕೆ ಕೊಂಬು ಅಂಟಿಸಿದ್ದಾರೆ? ನೋವಾಗುವುದಿಲ್ಲವೇ?" ಎಂದಳು.

ಏಳು ವರ್ಷದ ಹುಡುಗಿಗೆ ಹೊಳೆದದ್ದು ಹಾಲಿವುಡ್ಡಿಗೆ ಹೊಳೆದಿರಲಿಲ್ಲ. 1955ರ 'ಕಿಂಗ್ ಡೈನೋಸಾರ್' ಎಂಬ ಚಿತ್ರದಲ್ಲಿ ಒಂದು ಇಗ್ವಾನಾ ಹಲ್ಲಿಯನ್ನು ಮುಂದಿಟ್ಟುಕೊಂಡು, ಇದೇ ಟಿರಾನೊಸಾರಸ್ ಎಂದು ನಂಬಿಸಲು ಹೊರಟರು. 1940ರ 'ಒನ್ ಮಿಲಿಯನ್ ಬಿ.ಸಿ.' ಚಿತ್ರದಲ್ಲಿ ಮೊಸಳೆಯ ಬೆನ್ನಿಗೆ ಈಜುರೆಕ್ಕೆ ಕಟ್ಟಿ ಹಲ್ಲಿಯೊಡನೆ ಕಾದಾಡಲು ಬಿಟ್ಟರು. ಆ ಚಿತ್ರದ ತುಣುಕುಗಳನ್ನು ಮುಂದೆ ಎಷ್ಟೋ ಬಡ ಚಿತ್ರಗಳು ತಂಗಳನ್ನದಂತೆ ಬಡಿಸಿದವು. 1960ರ 'ದಿ ಲಾಸ್ಟ್ ವರ್ಲ್ಡ್' ಚಿತ್ರದ ಕಥೆಯಂತೂ ಇನ್ನೂ ಖೇದಕರ. ಅದೇ ಕಥೆಗೆ 1925ರಲ್ಲಿ ಪುಟ್ಟ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಜೀವ ತುಂಬಿದ್ದ ವಿಲ್ಲಿಸ್ ಒಬ್ರಿಯನ್ ಇನ್ನೂ ಬದುಕಿದ್ದರು. ಅವರ ಹೆಸರನ್ನು ತೆರೆಯ ಮೇಲೆ ಹಾಕಿದರು. ಕೆಲಸವನ್ನು ಮಾತ್ರ ಕೊಂಬು ಅಂಟಿಸಿದ ಹಲ್ಲಿಗಳಿಗೆ ವಹಿಸಿದರು. ಅಲ್ಲಿಯೂ ಕಾಳಗ, ಅಲ್ಲಿಯೂ ಕಚ್ಚಾಟ. ಪ್ರೇಕ್ಷಕನನ್ನು ಹೆದರಿಸಲೆಂದು ತೆಗೆದ ಚಿತ್ರಗಳಲ್ಲಿ ನಿಜವಾಗಿ ಹೆದರಿದವರು ಯಾರಾದರೂ ಇದ್ದರೆ ಅವು ಆ ಮೂಕಪ್ರಾಣಿಗಳೇ. ಅದೇ 1960ರಲ್ಲಿ ನಮ್ಮ ಪಾರ್ಲಿಮೆಂಟು ಪ್ರಾಣಿಹಿಂಸಾ ನಿವಾರಣೆಯ ಶಾಸನವನ್ನು ಅಂಗೀಕರಿಸಿತೆಂಬುದನ್ನು ನೆನೆದರೆ ನನಗೆ ಸ್ವಲ್ಪ ಸಮಾಧಾನ.

ದಯೆಯ ಮಾತು ಹಾಗಿರಲಿ, ಮೋಸವಾದರೂ ಸಾಗಿತೇ? ಬಂಡೆಯ ಮೇಲೆ ಉಡವನ್ನು ಕಂಡು ಬೆಳೆದ ನಮ್ಮ ಹುಡುಗರಿಗೆ ಹಲ್ಲಿಯ ನಡಿಗೆ ಗೊತ್ತು: ಕಾಲುಗಳನ್ನು ಪಕ್ಕಕ್ಕೆ ಚಾಚಿ, ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ತೆವಳುವುದು. ಡೈನೋಸಾರ್‌ನ ಕಾಲುಗಳೋ ಆನೆಯ ಕಾಲುಗಳಂತೆ ಮೈಯ ಕೆಳಗೆ ಕಂಬವಾಗಿ ನಿಂತವು. ಏಳೆಂಟು ಟನ್ನಿನ ಮೃಗ ಹೆಜ್ಜೆಯಿಟ್ಟರೆ ಧೂಳು ಏಳಬೇಕು, ಗಿಡ ಅದುರಬೇಕು. ಅಗ್ಗದ ಚಿತ್ರದಲ್ಲಿ ಹುಲ್ಲುಗರಿಯೂ ಬಾಗುವುದಿಲ್ಲ. ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪನವನ್ನು ಅಳೆಯುವ ಕೇಂದ್ರವೊಂದಿದೆ. ದೂರದೇಶದ ನೆಲದಾಳದಲ್ಲಿ ಅಣುಬಾಂಬು ಸಿಡಿದರೂ ಅಲ್ಲಿಯ ಯಂತ್ರಗಳಿಗೆ ತಿಳಿಯುತ್ತದೆ. ಈ ಚಿತ್ರಗಳ ಡೈನೋಸಾರ್ ಆ ಯಂತ್ರಗಳ ಮೇಲೆಯೇ ಕುಣಿದುಹೋದರೂ ಮುಳ್ಳು ಅಲುಗಲಾರದೆಂದು ನನ್ನ ನಂಬಿಕೆ.

ಭಾರವನ್ನು ತೋರಿಸಲು ಹಣವೇ ಬೇಕೆಂದೂ ಅಲ್ಲ. 1993ರ 'ಜುರಾಸಿಕ್ ಪಾರ್ಕ್' ಚಿತ್ರಕ್ಕೆ ಆರು ಕೋಟಿ ಡಾಲರಿಗೂ ಮೇಲ್ಪಟ್ಟು ವೆಚ್ಚವಾಯಿತು. ಆದರೆ ಅದರಲ್ಲಿ ಎಲ್ಲರ ಎದೆ ನಡುಗಿಸಿದ್ದು ಲೋಟದ ನೀರಿನಲ್ಲಿ ಎದ್ದ ಉಂಗುರದಂಥ ಅಲೆ. ಮೃಗವಿನ್ನೂ ಕಣ್ಣಿಗೆ ಬಿದ್ದೇ ಇಲ್ಲ. ಆ ಅಲೆಯನ್ನು ಎಬ್ಬಿಸಿದ್ದು ಲೋಟದ ಅಡಿಯಲ್ಲಿ ಮೀಟಿದ ಒಂದು ಗಿಟಾರಿನ ತಂತಿ. ಅದಕ್ಕಿಂತ ಕೆಲವೇ ವಾರ ಮುಂಚೆ ಅಗ್ಗದ ಚಿತ್ರಗಳ ಮಹಾರಾಜ ರೋಜರ್ ಕಾರ್ಮನ್ 'ಕಾರ್ನೊಸಾರ್' ಎಂಬ ಚಿತ್ರವನ್ನು ಅವಸರದಿಂದ ಬಿಡುಗಡೆ ಮಾಡಿದರು. ರಕ್ತ ಧಾರಾಳವಾಗಿ ಹರಿಯಿತು. ತಂತಿ ಮೀಟುವ ತಾಳ್ಮೆ ಮಾತ್ರ ಕಾಣಲಿಲ್ಲ. ಈಗಿನವು ಕಂಪ್ಯೂಟರಿನ ಡೈನೋಸಾರ್‌ಗಳು. ಅವಕ್ಕೆ ನೆರಳೇ ಬೀಳುವುದಿಲ್ಲ. ನಟರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ನೋಡುತ್ತ ಹೆದರುತ್ತಾರೆ. ಯಾರು ಗಮನಿಸುತ್ತಾರೆ ಎಂಬ ಧೈರ್ಯ! ಶಿಡ್ಲಘಟ್ಟದಲ್ಲಿ ಬಿಸಿನೀರಿನ ಗೂಡಿನಿಂದ ರೇಷ್ಮೆಯ ಎಳೆಯನ್ನು ಹುಡುಕಿ ತೆಗೆಯುವವರು ದಿನದ ಕೂಲಿಯಲ್ಲಿ ಉಳಿಸಿ ಟಿಕೆಟ್ಟು ಕೊಳ್ಳುತ್ತಾರೆ. ಆ ಕಣ್ಣಿಗೆ ಗೊಂಬೆಯನ್ನು ಎಳೆಯುವ ದಾರ ಕಾಣದೆ ಇದ್ದೀತೆ?

ಆ ಜನರನ್ನು ಬಲ್ಲವರು ಒಬ್ಬರಿದ್ದರು: ನಮ್ಮ ಉಡುಪಿಯ ಕಡೆಯ ಬಿ. ವಿಠಲಾಚಾರ್ಯರು. ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸು ನಡೆಸಿ, ಮರಳಿನ ಮೇಲೆ ಕುಳಿತವರ ಮುಖವನ್ನು ಓದಿ, ಅನಂತರ ಚಿತ್ರ ತೆಗೆಯಲು ಹೋದವರು. ಅವರ ದೆವ್ವಗಳಿಗೂ ಹಣವಿರಲಿಲ್ಲ. ಬಿಳಿ ಸೀರೆ, ಬಿಚ್ಚಿದ ಕೂದಲು, ಒಂದಿಷ್ಟು ಹೊಗೆ, ಅಷ್ಟೇ. ಆದರೆ 1978ರ ತೆಲುಗು 'ಜಗನ್ಮೋಹಿನಿ'ಯಲ್ಲಿ ಅವರು ತಮ್ಮ ದೆವ್ವವನ್ನು ಅಡುಗೆಮನೆಗೆ ಕಳುಹಿಸಿದರು. ಅದು ಸೌದೆಯ ಬದಲು ತನ್ನ ಕಾಲುಗಳನ್ನೇ ಒಲೆಗೆ ಇಟ್ಟು ಅಡುಗೆ ಮಾಡಿತು. ಚಿಕ್ಕಬಳ್ಳಾಪುರದಲ್ಲಿ ನಾನು ಅದನ್ನು ನೋಡಿದ ದಿನ, ಬೆಳಿಗ್ಗೆಯೆಲ್ಲ ಹಸಿ ಸೌದೆಯನ್ನು ಊದಿ ಊದಿ ಬಂದಿದ್ದ ಹೆಂಗಸರ ಸಾಲಿನಲ್ಲಿ ಮೊದಲು ಒಂದು ನಗು ಎದ್ದಿತು. ಮರುಕ್ಷಣ ಎಲ್ಲರೂ ಕಾಲುಗಳನ್ನು ಸೀರೆಯೊಳಕ್ಕೆ ಎಳೆದುಕೊಂಡರು.